ಪತ್ತನಾಜೆಯಿಂದ ಮೊಂತಿ ಹಬ್ಬದ ತನಕ

ಬಾಯಮ್ಮನ ಬಲಗೈಯ ಹೆಬ್ಬೆರಳು, ತೋರುಬೆರಳ ತುದಿಗಳಲ್ಲಿ ಯಾವಾಗಲೂ ಸಣ್ಣ ಸಣ್ಣ ಕೆಂಪು ಚುಕ್ಕೆಗಳಿರುತ್ತಿದ್ದವು. ಕಳ್ಳಿಗಿಡದ ಮುಳ್ಳು ಚುಚ್ಚಿದ ಗುರುತುಗಳು ಅವು. ಹುಬ್ಬಿನ ಕೂದಲು ಕೀಳುವ ಚಿಮಟವೊಂದನ್ನು ಸೇಫ್ಟಿ ಪಿನ್ನಿಗೆ ಸಿಕ್ಕಿಸಿ ನೈಟಿಯ ಎದೆಯ ಹತ್ತಿರ ನೇತುಹಾಕಿಕೊಂಡಿರುತ್ತಿದ್ದರು. ಆ ಚಿಮಟ ಹುಬ್ಬಿನ ಕಡೆಗೆ ಒಮ್ಮೆಯಾದರೂ ಹೋದದ್ದನ್ನು ನಾನು ಕಾಣೆ. ಮುಳ್ಳು ಚುಚ್ಚಿದರೆ ನಿಂತಲ್ಲೇ ಕಿತ್ತು, ಬೆರಳನ್ನು ನೈಟಿಗೆ ಒರೆಸಿ, ಮಾತು ಮುಂದುವರಿಸುವವರು.

ಹಿರಿಯಡ್ಕದಲ್ಲಿ ಅವರ ಮನೆಯ ಮಾಳಿಗೆಯಲ್ಲಿ ನಾವು ಬಾಡಿಗೆಗಿದ್ದೆವು. ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ರೂಢಿ. ಹಾಗಾಗಿ ಅವರು ನಮಗೆ ಕಡೆಯ ತನಕವೂ ಬಾಯಮ್ಮನೇ. ಮದುವೆ ಮಾಡಿಕೊಂಡಿರಲಿಲ್ಲ. ಮಣಿಪಾಲದ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಮೇಟ್ರನ್ ಆಗಿದ್ದು ನಿವೃತ್ತರಾದವರು. ಕಳ್ಳಿಗಿಡಗಳೆಲ್ಲ ಆ ಹಾಸ್ಟೆಲಿನ ಆಸ್ತಿ. ದೂರದ ಊರುಗಳಿಂದ ಓದಲು ಬಂದ ಹುಡುಗಿಯರು ಮೇಜಿನ ಮೇಲೆ ಚಂದಕ್ಕೆಂದು ಒಂದು ಪುಟ್ಟ ಕ್ಯಾಕ್ಟಸ್ ತಂದಿಡುತ್ತಾರೆ. ಮನೆಯ ನೆನಪಾದಾಗಲೆಲ್ಲ ಅದಕ್ಕೆ ನೀರು ಹಾಕುತ್ತಾರೆ. ಪರೀಕ್ಷೆ ಮುಗಿದ ಮೇಲೆ ಸೂಟ್‌ಕೇಸಿನಲ್ಲಿ ಜಾಗವಿಲ್ಲದೆ ಕಿಟಕಿಯಲ್ಲೇ ಬಿಟ್ಟು ಹೋಗುತ್ತಾರೆ. ಹೀಗೆ ಬುಡ ಕೊಳೆತು ಅನಾಥವಾದವುಗಳನ್ನು ಬಾಯಮ್ಮ ವರ್ಷ ವರ್ಷವೂ ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ಮನೆಗೆ ತಂದಿದ್ದರು. ಗಿಡಗಳ ಶಾಸ್ತ್ರೀಯ ಹೆಸರು ಅವರಿಗೆ ಬೇಕಿರಲಿಲ್ಲ. ಹುಡುಗಿಯರ ಊರೇ ಹೆಸರು. ದುಂಡಗಿನದು ಲಕ್ನೋ, ಉದ್ದ ಏಣೇಣಿನದು ಪಾಟ್ನಾ, ಬಿಳಿ ನವಿರು ಹೊದ್ದದ್ದು ಜೈಪುರ. "ಈ ಲಕ್ನೋದವಳಿಗೆ ಸ್ವಲ್ಪ ಜಂಬ ಉಂಟು. ಜಾಗ ಬದಲಿಸಿದ್ರೆ ಒಂದು ತಿಂಗಳು ಮುಖ ಊದಿಸ್ತದೆ" ಎಂದು ಅವರು ಹೇಳುವಾಗ, ಗಿಡದ ವಿಷಯವೋ ಹುಡುಗಿಯ ವಿಷಯವೋ ಎಂದು ಕೇಳುವ ಧೈರ್ಯ ನನಗಾಗುತ್ತಿರಲಿಲ್ಲ.

"ಮರೆತು ಸತ್ತದ್ದು ಕಡಿಮೆ ಮಾರಾಯ್ತಿ. ಪ್ರೀತಿ ಮಾಡಿ ಮಾಡಿಯೇ ಸತ್ತದ್ದು ಹೆಚ್ಚು" ಎನ್ನುತ್ತಿದ್ದರು.

ಕೊಳೆತ ಗಿಡ ಬಂದರೆ ಹರಿತವಾದ ಚೂರಿಯಿಂದ ಕಪ್ಪಾದ ಭಾಗವನ್ನೆಲ್ಲ ಕೊಯ್ದು, ಒಳಗಿನ ಹಸಿರು ಕಂಡ ಮೇಲೆಯೇ ಕೈ ನಿಲ್ಲಿಸುವರು. ಗಾಯಕ್ಕೆ ಅರಸಿನ ಹುಡಿ ಹಚ್ಚಿ ಪತ್ರಿಕೆಯ ಮೇಲೆ ನೆರಳಿನಲ್ಲಿ ಮಲಗಿಸುವರು. ಗಾಯ ಒಣಗಿ ಗಟ್ಟಿಯಾಗದೆ ಮಣ್ಣು ತೋರಿಸುವಂತಿಲ್ಲ. ಆ ಮಣ್ಣಾದರೂ ಎಂಥದು? ಹೊಳೆಯ ಮರಳು, ಹಂಚಿನ ಚೂರು, ಒಲೆಯ ಮಸಿ, ಒಂದಿಷ್ಟು ಕೆಂಪು ಮುರಕಲ್ಲಿನ ಹುಡಿ. ಸೊಪ್ಪು ಗೊಬ್ಬರ ಹಾಕಿ ಗದ್ದೆ ಬೆಳೆಸುವ ನಮ್ಮಂಥವರಿಗೆ ಅದು ಮನೆ ಕೆಡವಿದ ಜಾಗದ ಕಸದಂತೆ ಕಾಣುತ್ತಿತ್ತು.

ಇನ್ನು ನೀರು. ಬೇಸಗೆಯಲ್ಲಿ ಗುಡಿಸುವ ತೆಂಗಿನ ಹಿಡಿಸೂಡಿಯ ಒಂದು ಕಡ್ಡಿಯನ್ನು ಗಿಡದ ಚಟ್ಟಿಯ ತಳ ಮುಟ್ಟುವಂತೆ ಚುಚ್ಚಿ, ತೆಗೆದು ಕೆನ್ನೆಗೆ ತಾಗಿಸಿ ನೋಡುವರು. ತಣ್ಣಗಿದ್ದರೆ ಇಲ್ಲ. ಪೂರ್ತಿ ಒಣಗಿದ್ದರೆ ಬೆಳಿಗ್ಗೆ ಹೊತ್ತು, ಗಿಡದ ತಲೆಗೆ ತಾಗದಂತೆ ಅಂಚಿನಲ್ಲಿ, ತಳದ ತೂತಿನಿಂದ ಇಳಿಯುವಷ್ಟು. ಮತ್ತೆ ಒಣಗುವ ತನಕ ಆ ಕಡೆ ತಲೆ ಹಾಕಬಾರದು. ಮೇ ಕೊನೆಗೆ ಪತ್ತನಾಜೆ ಬಂತೆಂದರೆ ಅದೂ ಬಂದ್. ತುಳುನಾಡಿನಲ್ಲಿ ಆ ದಿನ ಯಕ್ಷಗಾನದ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಭೂತದ ಕೋಲ ನೇಮಗಳು ನಿಲ್ಲುತ್ತವೆ, ಇನ್ನೇನು ಮಳೆ ಎಂದು ಲೆಕ್ಕ. ಬಾಯಮ್ಮನ ಚಟ್ಟಿಗಳೂ ಅಂಗಳದಿಂದ ಎದ್ದು ಒಳಚಾವಡಿಯ ಕಿಟಕಿಯ ಹತ್ತಿರ ಸಾಲಾಗಿ ಕೂರುತ್ತಿದ್ದವು. ಅಲ್ಲಿಂದ ಸೆಪ್ಟೆಂಬರಿನ ಮೊಂತಿ ಹಬ್ಬದ ತನಕ, ಅಂದರೆ ಅವರ ಇಗರ್ಜಿಯಲ್ಲಿ ಹೊಸ ತೆನೆ ಹಂಚುವ ದಿನದ ತನಕ, ಒಂದು ತೊಟ್ಟು ನೀರಿಲ್ಲ. "ಗಾಳಿಯಲ್ಲೇ ಕುಡಿಯುವಷ್ಟು ನೀರುಂಟು ಈ ಊರಲ್ಲಿ" ಎನ್ನುವರು. ಪತ್ತನಾಜೆ ಹಿಂದೂಗಳದ್ದು, ಮೊಂತಿ ಹಬ್ಬ ಕ್ರೈಸ್ತರದ್ದು, ಉಪವಾಸ ಮಾತ್ರ ಕಳ್ಳಿಗಳದ್ದು ಎಂದು ನಾನು ತಮಾಷೆ ಮಾಡುತ್ತಿದ್ದೆ.

ತಮಾಷೆ ಮಾಡುವಷ್ಟು ನೆಮ್ಮದಿಯೇನೂ ನನಗಿರಲಿಲ್ಲ. ಮಗಳಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಅಮ್ಮ ಎನ್ನುವುದೂ ಇಲ್ಲ. ಬೇಕಾದದ್ದಕ್ಕೆ ಕೈ ತೋರಿಸುತ್ತಿದ್ದಳು, ಅಷ್ಟೆ. ಗಂಡನಿಗೆ ಆದಿ ಉಡುಪಿಯ ಮಾರುಕಟ್ಟೆ ಯಾರ್ಡಿನಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಇಡೀ ದಿನ ನಾನೂ ಅವಳೂ. ನನ್ನದೋ ಹುಟ್ಟಾ ಬಾಯಿಬಡುಕಿಯ ಜನ್ಮ. "ಇದೆಂತ? ಕಾಕೆ. ಹೇಳು ನೋಡುವ, ಕಾಕೆ! ಹೇಳು ಪುಟ್ಟಾ, ಹೇಳು!" ಎಂದು ಬೆನ್ನು ಬಿಡುತ್ತಿರಲಿಲ್ಲ. ಅವಳು ಮುಖ ತಿರುಗಿಸುವಳು. ಕಾಪುವಿನಿಂದ ಅತ್ತೆ ಬಂದಾಗಲೆಲ್ಲ ಬಜೆ ತೇಯ್ದು ಅವಳ ನಾಲಿಗೆಗೆ ಹಚ್ಚುವರು, ಹರಕೆ ಹೇಳಿಕೊಳ್ಳುವರು, "ನಮ್ಮ ಮನೆಯಲ್ಲಿ ಯಾರಿಗೂ ಹೀಗೆ ಆಗಿಲ್ಲಪ್ಪ" ಎಂದು ಗೋಡೆಗೆ ಹೇಳುವರು. ಗೋಡೆಗೆ ಹೇಳಿದರೂ ಕೇಳಬೇಕಾದವಳಿಗೆ ಕೇಳಿಸುತ್ತಿತ್ತು.

ಕಿವಿ ನೋಡಿಸು ಎಂದು ಮೊದಲು ಹೇಳಿದವರು ಬಾಯಮ್ಮ. "ಗಿಡ ಬಾಡಿದ್ರೆ ಮೊದಲು ಬೇರು ನೋಡಬೇಕಲ್ವಾ? ಹೆದರಿ ಕೂತ್ರೆ ಆಗುವುದಿಲ್ಲ." ತಾವೇ ಜೊತೆಗೆ ಮಣಿಪಾಲಕ್ಕೆ ಬಂದರು. ಪರೀಕ್ಷೆ ನಡೆಯುವಷ್ಟು ಹೊತ್ತು ಹೊರಗಿನ ಬೆಂಚಿನಲ್ಲಿ ನನ್ನ ಕೈ ಹಿಡಿದು ಜಪ ಮಾಡುತ್ತಾ ಕೂತರು. ಕಿವಿ ಸರಿಯಿತ್ತು. ಮಾತಿನ ತರಬೇತಿ ಕೊಡುವ ಹುಡುಗಿ, "ಅವಳ ಜೊತೆ ಮಾತಾಡಿ, ಆಮೇಲೆ ಸ್ವಲ್ಪ ಕಾಯಿರಿ. ಅವಳಿಗೂ ಅವಕಾಶ ಬೇಕಲ್ವಾ" ಎಂದಳು. ಬಾಯಮ್ಮ ನನ್ನ ಮುಖ ನೋಡಿದರು. ಬಸ್ಸಿನಲ್ಲಿ ಕೂತ ಮೇಲೆ, "ಕೇಳಿತಲ್ಲ, ಹೇಳು ಹೇಳು ಅನ್ನಬೇಡ ಇನ್ನು" ಎಂದರು.

ಮರುದಿನದಿಂದ ಬೆಳಗಿನ ಹೊತ್ತು ಮಗಳು ಕೆಳಮನೆಯಲ್ಲಿ. ಮಳೆಗಾಲ ಶುರುವಾಗಿತ್ತು. ನೀರು ಕೊಡುವುದಿಲ್ಲವಾದರೂ ಬಾಯಮ್ಮ ದಿನಾ ಕಡ್ಡಿ ಚುಚ್ಚಿ ನೋಡುವುದನ್ನು ಬಿಟ್ಟವರಲ್ಲ. ಈಗ ಆ ಕಡ್ಡಿಯನ್ನು ಮಗುವಿನ ಕೆನ್ನೆಗೆ ತಾಗಿಸಿ ಕೊಂಕಣಿಯಲ್ಲಿ ಕೇಳುವರು: "ಉದಾಕ್ ಜಾಯ್?" ನೀರು ಬೇಕಾ? ಕೇಳಿ ಸುಮ್ಮನೆ ಅವಳ ಮುಖ ನೋಡುತ್ತಾ ನಿಲ್ಲುವರು. ಮೆಟ್ಟಿಲಲ್ಲಿ ನಿಂತು ನೋಡುವ ನನಗೇ ಉಸಿರು ಕಟ್ಟುವಷ್ಟು ಹೊತ್ತು. ಉತ್ತರವಿಲ್ಲ. "ಉದಾಕ್ ನಾಕಾ" ಎಂದು ತಾವೇ ಹೇಳಿ ಪಕ್ಕದ ಚಟ್ಟಿಗೆ ಹೋಗುವರು. ನೀರು ಬೇಡ. ಬೇಸರವಿಲ್ಲ, ಅವಸರವಿಲ್ಲ. ಲಕ್ನೋ ಆಯಿತು, ಪಾಟ್ನಾ ಆಯಿತು, ಜೈಪುರ ಆಯಿತು. ಇದೆಂಥ ಮರುಳು ಎಂದು ನನಗೆ ಕೆಲವು ದಿನ ಸಿಟ್ಟೂ ಬಂದಿತ್ತು. ಊರಿನ ಮಕ್ಕಳೆಲ್ಲ ಪದ್ಯ ಹಾಡುವಾಗ ನನ್ನ ಮಗಳು ಮುಳ್ಳಿನ ಗಿಡದ ಮುಂದೆ ಮೂಕಳಾಗಿ ನಿಂತಿರುವುದನ್ನು ನೋಡುವುದು ಸುಲಭವಲ್ಲ.

ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಅತ್ತೆ ಬಂದರು. ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲುವುದೆಂದರೆ ನಮ್ಮ ಕಡೆಯ ಹೆಂಗಸರಿಗೆ ಜೀವ ಹೋದ ಹಾಗೆ. ಒಂದೋ ದನಕ್ಕೆ, ಇಲ್ಲವೇ ಗಿಡದ ಬುಡಕ್ಕೆ. ಹೊರಗೆ ಜಡಿಮಳೆ, ತೆಂಗು ಬಾಳೆಗಳೆಲ್ಲ ನೀರಲ್ಲೇ ನಿಂತಿದ್ದವು. ಒಣಗಿದ್ದದ್ದೆಂದರೆ ಬಾಯಮ್ಮನ ಚಾವಡಿಯ ಚಟ್ಟಿಗಳು ಮಾತ್ರ. "ಪಾಪ, ಇವಕ್ಕೆ ಯಾರೂ ನೀರೇ ಹಾಕಿಲ್ಲ" ಎನ್ನುತ್ತಾ ಅತ್ತೆ ತುಂಬಿದ ಚೆಂಬು ಹಿಡಿದು ಮೆಟ್ಟಿಲಿಳಿದರು. ಬಾಯಮ್ಮ ಒಳಗೆ ಮೀನು ಕೊಯ್ಯುತ್ತಿದ್ದರು. ನಾನು ಮೇಲಿನಿಂದ "ಅತ್ತೇ" ಎನ್ನುವಷ್ಟರಲ್ಲಿ ಚೆಂಬು ಲಕ್ನೋದ ನೆತ್ತಿಯ ಮೇಲೆ ಬಾಗಿತ್ತು.

ಮಗಳು ಓಡಿ ಬಂದು ಚಟ್ಟಿಗೆ ಅಡ್ಡ ನಿಂತು ಎರಡೂ ಕೈ ಅಗಲಿಸಿದಳು.

"ಉದಾಕ್ ನಾಕಾ!"

ಮಳೆಯ ಸದ್ದಿನ ಮೇಲೆಯೂ ಕೇಳುವಷ್ಟು ಗಟ್ಟಿ. ಅತ್ತೆಯ ಕೈ ಹಾಗೆಯೇ ನಿಂತಿತು. ನಾನು ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಮೀನಿನ ಕೈಯಲ್ಲೇ ಹೊರಗೆ ಬಂದ ಬಾಯಮ್ಮ, ನಾನು ಇನ್ನೇನು ಕೂಗುತ್ತೇನೆಂದು ಗೊತ್ತಾಗಿ, ಕಣ್ಣಲ್ಲೇ ನನ್ನನ್ನು ತಡೆದರು. "ಯಾರೂ ಬೊಬ್ಬೆ ಹಾಕಬೇಡಿ. ಏನೂ ಆಗಿಲ್ಲ" ಎಂದು ಮೆಲ್ಲನೆ ಹೇಳಿ ಮಗುವಿನ ಹತ್ತಿರ ಕೂತು, "ಸಮ, ಉದಾಕ್ ನಾಕಾ" ಎಂದರು. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಮೀನಿನ ಕೈಯಾದ್ದರಿಂದ ಒರೆಸಿಕೊಳ್ಳಲೂ ಆಗದೆ ಭುಜಕ್ಕೆ ಕೆನ್ನೆ ಉಜ್ಜಿದರು.

"ಎಂತ ಹೇಳಿದ್ದು ಇವಳು?" ಅತ್ತೆ ಕೇಳಿದರು. ನಾನು ಅರ್ಥ ಹೇಳಿದೆ. ಅವರು ಚೆಂಬನ್ನು ಕೆಳಗಿಟ್ಟು, ಮೊಮ್ಮಗಳನ್ನು ಎತ್ತಿಕೊಂಡು ಅತ್ತು, ಮೂಗು ಸೀಟಿ, ಆಮೇಲೆ ತಮ್ಮ ಸ್ವಭಾವಕ್ಕೆ ಮರಳಿದರು. "ದೇವರು ದೊಡ್ಡವನು. ಆದ್ರೂ ಮೊದಲನೇ ಮಾತು ನಮ್ಮ ತುಳುವಿನಲ್ಲಿ ಆಡಬಹುದಿತ್ತು."

"ಅದೂ ಬರ್ತದೆ. ನಿಮ್ಮ ಮೊಮ್ಮಗಳಲ್ವಾ, ಮತ್ತೆ ನಿಲ್ಲಿಸುವುದೇ ಕಷ್ಟ ಆಗ್ತದೆ, ನೋಡಿ" ಎಂದರು ಬಾಯಮ್ಮ. ಹಾಗೆಯೇ ಆಯಿತು. ಮಾತು ನಿಧಾನಕ್ಕೇ ಬಂತು. ತರಬೇತಿಗೆ ಬಹಳ ಕಾಲ ಮಣಿಪಾಲಕ್ಕೆ ಓಡಾಡಿದೆವು. ಆದರೆ ಬಂದದ್ದು ತುಳು, ಕೊಂಕಣಿ, ಕನ್ನಡ ಮೂರರಲ್ಲೂ ಬಂತು. ಆ ವರ್ಷ ಮೊಂತಿ ಹಬ್ಬದ ದಿನ ಹೊಸಕ್ಕಿಯ ಊಟ ಮುಗಿಸಿ ಬಾಯಮ್ಮ ಕಡ್ಡಿ ಚುಚ್ಚಿ ಕೇಳಿದಾಗ ಮಗಳು "ಜಾಯ್!" ಎಂದು ತಾನೇ ನೀರಿನ ಮಗ್ಗು ತಂದಳು.

ನಾನು ಬಾಯಮ್ಮನಿಗೆ ಥ್ಯಾಂಕ್ಸ್ ಹೇಳಲು ಹೋದಾಗಲೆಲ್ಲ ಅವರು ಮಾತು ತಪ್ಪಿಸುತ್ತಿದ್ದರು. "ನಾನೆಂತ ಮಾಡಿದ್ದು? ಸುಮ್ಮನೆ ನಿಂತದ್ದು" ಎನ್ನುವರು. ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು, ನನ್ನಿಂದ ಇವತ್ತಿಗೂ ಆಗುವುದಿಲ್ಲ.

ಹೋದ ವರ್ಷ, ಬೇಸಗೆ ಮುಗಿಯುವ ಮುನ್ನ ಬಾಯಮ್ಮ ತೀರಿಕೊಂಡರು. ಎದೆನೋವೆಂದು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಅಜೆಕಾರಿನಿಂದ ಅವರ ತಮ್ಮನ ಮನೆಯವರು, ಊರೂರಿನ ನೆಂಟರು ಬಂದರು. ಇಗರ್ಜಿಯಲ್ಲಿ ನಾನೂ ಮಗಳೂ ಹಿಂದಿನ ಬಾಗಿಲ ಹತ್ತಿರ, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದೆವು. ಕಪ್ಪು ಸೀರೆಯ ಹಿರಿಯ ಹೆಂಗಸೊಬ್ಬರು ಹತ್ತಿರ ಬಂದು ನನ್ನನ್ನು ಕೇಳಿದರು: "ನೀವು ಅವಳಿಗೆ ಎಂತ ಆಗ್ಬೇಕು?"

ಬಾಡಿಗೆಯವರು ಎನ್ನಲು ಮನಸ್ಸಾಗಲಿಲ್ಲ. ಬೇರೆ ಏನೆನ್ನಬೇಕೆಂದು ಹುಡುಕಿದೆ. ಯಾವತ್ತೂ ಮಾತಿಗೆ ಬರವಿಲ್ಲದ ನನಗೆ ಒಂದು ಶಬ್ದವೂ ಹೊರಡಲಿಲ್ಲ. ಹೈಸ್ಕೂಲಿಗೆ ಹೋಗುವ ಮಗಳು ಆಗ ನನ್ನ ಕೈ ಹಿಡಿದು, ಸ್ಪಷ್ಟವಾದ ಕೊಂಕಣಿಯಲ್ಲಿ ಹೇಳಿದಳು: "ನನಗೆ ಮಾತು ಬಂದದ್ದು ಇವರ ಮನೆಯಲ್ಲಿ."

ಆ ಹೆಂಗಸು ನಮ್ಮಿಬ್ಬರನ್ನೂ ಮುಂದಕ್ಕೆ ಕರೆದುಕೊಂಡು ಹೋಗಿ, ಮನೆಯವರು ಕೂರುವ ಮೊದಲ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು.