ಗಂಟೆ ಹೊಡೆಯುವ ಮುಂಚೆ

ಕೋವಿಡ್ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷ ನಾನು ನಾಗಪುರದ ಧರಮಪೇಠದಲ್ಲಿ, ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ ಸ್ಪೆಷಲ್ ಎಜುಕೇಟರ್ ಆಗಿದ್ದೆ. ಆಟಿಸಂ ಇರುವ ಮಕ್ಕಳಿಗೆ ಕಲಿಸುವುದು ನನ್ನ ಅರ್ಧ ಕೆಲಸ. ಉಳಿದರ್ಧ, ಅವರ ತಂದೆತಾಯಿಯ ಜೊತೆ ಶಾಲೆಗೆ ಹೋಗಿ ಮಗುವಿಗೆ ಬೇಕಾದ ನೆರವಿಗಾಗಿ ವಾದಿಸುವುದು. ವಾದ ನನಗೆ ಹೊಸದಲ್ಲ, ಮನೆಯಲ್ಲೂ ಅಭ್ಯಾಸವಿತ್ತು. ಆದರೆ ಗಿರಿಜಾ ಅವರ ಪ್ರಕರಣದಲ್ಲಿ ನಾನು ಯಾರ ಪರ ವಾದಿಸುತ್ತಿದ್ದೇನೆ ಎಂಬುದೇ ನನಗೆ ತಿಳಿಯದೆ ಹೋಯಿತು.

ಗಿರಿಜಾ ಬಾಗಲಕೋಟೆ ಕಡೆಯವರು. ಗಂಡನಿಗೆ ಬುಟಿಬೋರಿಯ ಕಾರ್ಖಾನೆಯಲ್ಲಿ ಕೆಲಸ. ಮಗಳು ತನು ಎರಡನೇ ತರಗತಿಯಲ್ಲಿದ್ದಳು. ಶಾಲೆಯ ಗಂಟೆ ಹೊಡೆದರೆ ಸಾಕು, ಕಿರುಚುತ್ತ ತರಗತಿಯಿಂದ ಓಡಿಬಿಡುತ್ತಿದ್ದಳು. ಒಮ್ಮೆ ಗೇಟು ದಾಟಿ ರಸ್ತೆಗೇ ಬಂದಿದ್ದಳು. ಅಂದಿನಿಂದ ಗಿರಿಜಾ ಶಾಲೆ ಬಿಡುವವರೆಗೂ ಗೇಟಿನ ಹೊರಗೇ ಕೂತಿರುತ್ತಿದ್ದರು. ಹುಡುಗಿಯನ್ನು ಬೇರೆ ಕಡೆ ಸೇರಿಸಿ ಎಂದು ಶಾಲೆ ಹೇಳಿತ್ತು. ತರಗತಿಯಲ್ಲಿ ಪಕ್ಕದಲ್ಲೇ ಕುಳಿತು ನೋಡಿಕೊಳ್ಳುವ ಶಾಡೋ ಟೀಚರ್ ಒಬ್ಬರಿಗೆ ಅನುಮತಿ ಸಿಕ್ಕರೆ ತನು ಅಲ್ಲಿ ಉಳಿಯುತ್ತಾಳೆ, ಇಲ್ಲದಿದ್ದರೆ ಇಲ್ಲ. ಅದಕ್ಕಾಗಿ ಮುಖ್ಯಾಧ್ಯಾಪಕಿಯ ಜೊತೆ ಒಂದು ಮೀಟಿಂಗ್ ಗೊತ್ತಾಯಿತು.

ಗಿರಿಜಾ ಕ್ಲಿನಿಕ್ಕಿನಲ್ಲಿ ನನ್ನ ಮುಂದೆ ಎಲ್ಲ ಹೇಳಿಕೊಂಡು ಅತ್ತಿದ್ದರು. ಮನೆಯಲ್ಲಿ ಕುಕ್ಕರ್ ಇಡುವ ಹಾಗಿಲ್ಲ, ಸೀತಾಬರ್ಡಿ ಪೇಟೆಯ ಗದ್ದಲಕ್ಕೆ ಕರೆದೊಯ್ಯುವ ಹಾಗಿಲ್ಲ, ನೆಂಟರ ಮದುವೆಗೆ ಹೋಗುವ ಹಾಗಿಲ್ಲ.

"ಇದನ್ನೆಲ್ಲ ಹಿಂಗ ಅಲ್ಲೂ ಹೇಳ್ರಿ," ಎಂದಿದ್ದೆ.

"ಬರೋಬರ್ ಹೇಳ್ತೀನ್ರಿ ಅಕ್ಕಾರ," ಎಂದಿದ್ದರು.

ಮೀಟಿಂಗಿನ ದಿನ ಅವರನ್ನು ನೋಡಿಯೇ ನನಗೆ ಕಸಿವಿಸಿಯಾಯಿತು. ತಾಯಿ ಇಳಕಲ್ ಸೀರೆ ಉಟ್ಟಿದ್ದರು. ಮಗಳಿಗೆ ಇಸ್ತ್ರಿ ಮಾಡಿದ ಲಂಗ, ಎಣ್ಣೆ ಹಚ್ಚಿ ಹಾಕಿದ ಎರಡು ಜಡೆ. ಇವರು ಶಾಲೆಗೆ ಬಂದಿದ್ದಾರೋ, ವರನ ಕಡೆಯವರಿಗೆ ಹೆಣ್ಣು ತೋರಿಸಲು ಬಂದಿದ್ದಾರೋ?

ಮನೆಯಲ್ಲಿ ಏನೇನು ತೊಂದರೆಯಾಗುತ್ತದೆ ಎಂದು ಮುಖ್ಯಾಧ್ಯಾಪಕಿ ಹಿಂದಿಯಲ್ಲಿ ಕೇಳಿದರು. ಗಿರಿಜಾ ಸೆರಗು ಸರಿಮಾಡಿಕೊಂಡು, "ಕುಛ್ ತಕಲೀಫ್ ನಹೀ ಮೇಡಂ. ಬಹುತ್ ಶಾಣೀ ಲಡಕೀ ಹೈ," ಎಂದರು. ಏನೂ ತೊಂದರೆ ಇಲ್ಲವಂತೆ, ಬಹಳ ಜಾಣೆಯಂತೆ.

"ಮನೆಯಲ್ಲಿ ಸರಿಯಿದ್ದು ಇಲ್ಲಿ ಮಾತ್ರ ಓಡುತ್ತಾಳೆಂದರೆ ಅದು ಶಿಸ್ತಿನ ಪ್ರಶ್ನೆ. ಶಾಡೋ ಟೀಚರ್ ಯಾಕೆ ಬೇಕು?" ಎಂದು ಮುಖ್ಯಾಧ್ಯಾಪಕಿ ನನ್ನನ್ನು ನೋಡಿದರು.

ನನ್ನ ಬಾಯಲ್ಲಿ ಬಿಸಿತುಪ್ಪ. ನಿಜ ಹೇಳಿದರೆ ತಾಯಿಯನ್ನು ಸುಳ್ಳಿಯನ್ನಾಗಿ ಮಾಡಿದಂತೆ, ಸುಮ್ಮನಿದ್ದರೆ ತನುವಿನ ಸೀಟು ಹೋದಂತೆ. ನೆರವು ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ ಎನ್ನೋಣವೆಂದರೆ, ಇಲ್ಲಿ ತಾಯಿಯೇ ತೊಂದರೆಯಿಲ್ಲ ಎನ್ನುತ್ತಿದ್ದಾರೆ. ನನ್ನ ಕಿವಿಯನ್ನು ನಂಬಲೋ, ಕ್ಲಿನಿಕ್ಕಿನಲ್ಲಿ ಕಂಡ ಆ ಕಣ್ಣೀರನ್ನು ನಂಬಲೋ ತಿಳಿಯಲಿಲ್ಲ.

ಗಿರಿಜಾ ಹೊಗಳುತ್ತಲೇ ಇದ್ದರು. ತಾನೇ ಊಟ ಮಾಡುತ್ತಾಳೆ, ಚಿತ್ರ ಬರೆಯುತ್ತಾಳೆ. ನಡುನಡುವೆ ಗೋಡೆಯ ಗಡಿಯಾರ ನೋಡುತ್ತಿದ್ದರು. ಎದ್ದು ಹೋಗುವ ಅವಸರವೆಂದುಕೊಂಡು ನನಗೆ ಸಿಟ್ಟೇ ಬಂತು. ಅಷ್ಟರಲ್ಲಿ ಅವರು ಮಾತು ನಿಲ್ಲಿಸದೆ ಮಗಳ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿದರು. ಮರುಕ್ಷಣ ಗಂಟೆ ಹೊಡೆಯಿತು. ತನು ಕಾಲು ಆಡಿಸುತ್ತ ಕೂತೇ ಇದ್ದಳು. ಗಂಟೆ ನಿಂತಿತು, ಕೈ ಕೆಳಗಿಳಿಯಿತು, ಹೊಗಳಿಕೆ ಮುಂದುವರಿಯಿತು.

"ಈಗ ಏನು ಮಾಡಿದಿರಿ?" ಎಂದು ಮುಖ್ಯಾಧ್ಯಾಪಕಿ ಕೇಳಿದರು.

"ಕುಛ್ ನಹೀ ಮೇಡಂ," ಎಂದರು ಗಿರಿಜಾ. ಸುಳ್ಳಲ್ಲ, ಅವರಿಗೆ ಅದೊಂದು ಕೆಲಸವೆಂದೇ ಅನ್ನಿಸಿರಲಿಲ್ಲ.

ಆಗ ನನಗೆ ಬಾಯಿ ಬಂತು. "ಇವರು ಈಗ ಮಾಡಿದ್ದನ್ನು ತರಗತಿಯಲ್ಲಿ ಮಾಡಲು ಒಬ್ಬರು ಬೇಕು, ಅಷ್ಟೇ," ಎಂದೆ. ಮುಖ್ಯಾಧ್ಯಾಪಕಿ ಗಡಿಯಾರವನ್ನು ನೋಡಿದರು, ಗಿರಿಜಾ ಅವರ ಕೈಗಳನ್ನು ನೋಡಿದರು. ವಾರ್ಷಿಕ ಪರೀಕ್ಷೆಯವರೆಗೆ ಅನುಮತಿ ಸಿಕ್ಕಿತು.

ನಾನು ಹಿಗ್ಗಿನಿಂದ ಹೊರಬಂದೆ. ಗಿರಿಜಾ ಮೆಟ್ಟಿಲ ಮೇಲೆ ನಿಂತುಬಿಟ್ಟರು.

"ಮಗಳ ಕೊರತಿ ಮಂದಿ ಮುಂದ ಹೇಳಬಾರದಂತ ನಮ್ಮವ್ವ ಕಲಿಸ್ಯಾಳ್ರಿ. ನೀವು ಒಂದ ಮಾತಿನಾಗ ಎಲ್ಲಾ ಹೇಳಿಬಿಟ್ರಿ."

"ಆಕಿ ಸೀಟು ಉಳೀತಲ್ರಿ," ಎಂದೆ.

"ಉಳೀತ್ರಿ, ಅದು ಖರೆ," ಎಂದು ಕಣ್ಣು ಒರೆಸಿಕೊಂಡರು. ಸಮಾಧಾನಕ್ಕೋ ಅವಮಾನಕ್ಕೋ ಅಂದು ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ.

ಆಮೇಲೆ ಯಾವ ತಾಯಿಯನ್ನೂ, ನಿಮ್ಮ ಮಗುವಿಗೆ ಏನು ತೊಂದರೆ ಎಂದು ನಾನು ಕೇಳಿಲ್ಲ. ಬೆಳಗಾದರೆ ನೀವು ಮಗುವಿಗಾಗಿ ಏನೇನು ಮಾಡುತ್ತೀರಿ ಎಂದು ಕೇಳುತ್ತೇನೆ. ಮೊದಲು ಎಲ್ಲರೂ "ಏನೂ ಇಲ್ಲ" ಎನ್ನುತ್ತಾರೆ. ನಾನು ಸುಮ್ಮನೆ ಕಾಯುತ್ತೇನೆ. ಸ್ವಲ್ಪ ಹೊತ್ತಿಗೆ ಹೇಳಲು ಶುರುಮಾಡುತ್ತಾರೆ, ಆಮೇಲೆ ಅದು ಮುಗಿಯುವುದೇ ಇಲ್ಲ.