ಆಟಿ ಹದಿನೆಂಟರ ಸೋಪು

ಗಿಡಮೂಲಿಕೆಯಿಂದ ಕ್ರಿಮಿ ಕೊಲ್ಲುವ ಲಿಕ್ವಿಡ್ ಸೋಪು ಮಾಡಬೇಕೆಂಬುದು ನನ್ನ ಹೆಂಡತಿಯ ಯೋಚನೆ. ನಮ್ಮೂರ ಹೆಂಗಸರ ಸಂಘಕ್ಕೆ ಅವಳೇ ಅಧ್ಯಕ್ಷೆ. ಅಂಟುವಾಳದ ಕಾಯಿ ನೆನೆಸಿ ನೊರೆ ತೆಗೆದು, ಬೇವು, ತುಳಸಿ, ಅರಿಶಿನದ ಕಷಾಯ ಬೆರೆಸಿ, ಆರು ಮಂದಿ ಮೂರು ತಿಂಗಳು ಒದ್ದಾಡಿದ್ದರು. ಹಿಡಿಸಿದರೆ ಬಿಸಿಯೂಟದ ಮಕ್ಕಳಿಗೆ ವರ್ಷವಿಡೀ ಇದನ್ನೇ ತರಿಸುತ್ತೇನೆಂದು ಶಾಲೆಯ ಹೆಡ್‌ಮಿಸ್ ಒಪ್ಪಿದ್ದರು. ನಾನು ನಿವೃತ್ತ ವಿಜ್ಞಾನ ಮೇಷ್ಟ್ರು. ಸಂಘ ನನಗೆ ದಯಪಾಲಿಸಿದ ಹುದ್ದೆ, ಪಾತ್ರೆ ಕಲಕುವುದು.

ಹೆಡ್‌ಮಿಸ್ ನೋಡಲು ಬರುವ ಹಿಂದಿನ ದಿನ ಆಟಿ ಹದಿನೆಂಟು, ಅಂದರೆ ಮಳೆಗಾಲದ ಆಟಿ ತಿಂಗಳ ಹದಿನೆಂಟನೆಯ ದಿನ. ಕೊಡವರ ಮನೆಗಳಲ್ಲಿ ಕಕ್ಕಡ ಹದಿನೆಂಟು. ಅಂದು ಮದ್ದುಸೊಪ್ಪಿನಲ್ಲಿ ಹದಿನೆಂಟು ಮದ್ದು ಕೂಡಿರುತ್ತದೆಂದು ಅದರ ಕಷಾಯದಲ್ಲಿ ಕಡುನೇರಳೆ ಪಾಯಸ ಮಾಡಿ ತಿನ್ನುತ್ತೇವೆ. ಮರುದಿನ ಮೂತ್ರಕ್ಕೆ ಬಣ್ಣ ಬಂದರೆ ಮದ್ದು ಹಿಡಿಯಿತೆಂದು ಲೆಕ್ಕ. ಒಂದು ಚೆಂಬು ಕಷಾಯ ಮಿಕ್ಕಿತ್ತು. ಕ್ರಿಮಿಗಳ ಮೇಲೆ ಹದಿನೆಂಟು ದಿಕ್ಕಿನಿಂದ ದಾಳಿಯಾಗಲೆಂದು, ಯಾರ ಅಪ್ಪಣೆಯನ್ನೂ ಕೇಳದೆ ಸೋಪಿನ ಪಾತ್ರೆಗೆ ಸುರಿದೆ. ಬಣ್ಣ ತೆಗೆಯುವುದೇ ಸೋಪಿನ ಧರ್ಮವಾದ್ದರಿಂದ ಅದು ತನ್ನ ಬಣ್ಣವನ್ನೂ ತಾನೇ ತೆಗೆದುಕೊಳ್ಳುತ್ತದೆಂಬುದು ನನ್ನ ಸಿದ್ಧಾಂತ.

ಬೆಳಿಗ್ಗೆ ಹೆಂಡತಿ ಮುಚ್ಚಳ ತೆಗೆದಳು.

"ಎಂಥ ಸುರಿದ್ರಿ ಇದಕ್ಕೆ?"

"ಮದ್ದು."

"ಯಾರಿಗೆ?"

ಬಟ್ಟೆಯಲ್ಲಿ ಸೋಸಿದೆ, ಬಟ್ಟೆ ನೇರಳೆಯಾಯಿತು. ಒಂದು ಲೋಟ ಬೇರೆ ತೆಗೆದು ಇದ್ದಿಲಿನ ಪುಡಿ ಹಾಕಿ ನೋಡಿದರೆ ನೇರಳೆಗೆ ಕಪ್ಪೂ ಸೇರಿತು. ಹೊಸದಾಗಿ ಮಾಡೋಣವೆಂದರೆ ಅಂಟುವಾಳ ನೆನೆಯುವುದಕ್ಕೇ ಒಂದು ದಿನ ಬೇಕು. ಹಾಕಿದ್ದನ್ನು ಹೊರಗೆ ತೆಗೆಯುವ ಪಾಠವನ್ನು ಮೂವತ್ತು ವರ್ಷದಲ್ಲಿ ನಾನು ಒಮ್ಮೆಯೂ ಮಾಡಿರಲಿಲ್ಲ. ಸಂಘದವರು ಒಬ್ಬೊಬ್ಬರೇ ಬಂದು, ಪಾತ್ರೆಯೊಳಗೆ ಇಣುಕಿ, ಸಾವಿನ ಮನೆಗೆ ಬಂದವರಂತೆ ಜಗಲಿಯಲ್ಲಿ ಕೂತರು.

ಹನ್ನೊಂದಕ್ಕೆ ಹೆಡ್‌ಮಿಸ್ ಜೀಪಿನಲ್ಲಿ ಬಂದು ಆ ಸೋಪಿನಲ್ಲೇ ಕೈ ತೊಳೆದರು. ಬಿಳಿ ಕರವಸ್ತ್ರದಲ್ಲಿ ಒರೆಸಿಕೊಂಡು, ಆಮೇಲೆ ಕರವಸ್ತ್ರವನ್ನೇ ನೋಡುತ್ತ ನಿಂತರು.

"ಬಣ್ಣ ಬಂದ್ರೆ ಮದ್ದು ಹಿಡಿದಿದೆ ಅಂತ ಅರ್ಥ" ಎಂದೆ.

"ಅದು ಹೊಟ್ಟೆಗೆ ತಿಂದಾಗ ಅಲ್ವಾ ಸರ್? ನಮ್ಮ ಮಕ್ಕಳದ್ದು ಬಿಳಿ ಯೂನಿಫಾರಂ. ಇದ್ರಲ್ಲಿ ಕೈ ತೊಳೆದ ಮೇಲೆ ಕೈ ಎಂಥದ್ರಲ್ಲಿ ತೊಳೆಯೋದು?"

"ಒಂದು ವಾರ ಕೊಡಿ ಟೀಚರ್" ಎಂದಳು ಹೆಂಡತಿ.

"ಸೋಮವಾರಕ್ಕೇ ಬೇಕಲ್ಲ ಅಕ್ಕ. ಗೋಣಿಕೊಪ್ಪಲಿನಿಂದ ಅಂಗಡಿಯದ್ದೇ ವರ್ಷಕ್ಕೆ ಹೇಳಿಬಿಡ್ತೇನೆ. ಬೇಜಾರು ಮಾಡ್ಬೇಡಿ."

ಜೀಪು ಹೋಯಿತು.

ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಒಂದೆರಡು ಉತ್ತರ ಸಿದ್ಧವಿತ್ತು. ನೆಲ ಒರೆಸಲಿಕ್ಕಾದರೂ ಆದೀತೆಂದು ಒಬ್ಬೊಬ್ಬರೂ ಒಂದೊಂದು ಡಬ್ಬಿ ತುಂಬಿಸಿಕೊಂಡು, ಕೊಡೆ ಬಿಚ್ಚಿ ಹೊರಟರು.

ಹೆಂಡತಿ ಪಾತ್ರೆ ತಿಕ್ಕಲು ಕೂತಳು. ನಾನು ತಿಕ್ಕುತ್ತೇನೆಂದೆ.

"ಬೇಡ. ನೀವು ಮುಟ್ಬೇಡಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.