ಮೂಡಲಿಗೆ ಇಟ್ಟ ಎಡೆ

"ಈ ಊರು ಯಾವ ದಿಕ್ಕಿಗೈತೆ, ಮೇಷ್ಟ್ರೇ?" ಎನ್ನುತ್ತಾ ನಿಡಘಟ್ಟದ ಅಜ್ಜಿಯೊಬ್ಬರು ಮಡಿಕೆ ಹರಿದ ಇಂಗ್ಲಿಷ್ ಕಾಗದವೊಂದನ್ನು ನನ್ನ ಮೇಜಿನ ಮೇಲಿಟ್ಟರು. ಎಪ್ಪತ್ತರ ದಶಕದ ಆರಂಭ ಅದು. ಮದ್ದೂರಿನ ಶಾಲೆಗೆ ನಾನು ಭೂಗೋಳದ ಹೊಸ ಮೇಷ್ಟ್ರು. ಪಿತೃಪಕ್ಷ ಹತ್ತಿರ ಬಂದಿತ್ತು.

ಮೊದಲ ಮಹಾಯುದ್ಧಕ್ಕೆ ಕೂಲಿಯಾಳಾಗಿ ಹೋದ ಗಂಡ ಸತ್ತ ಸುದ್ದಿಯ ಕಾಗದವದು. ಅಂದು ಓದಿದವರು ಸತ್ತ ಸಂಗತಿಯನ್ನಷ್ಟೇ ಹೇಳಿದ್ದರಂತೆ. ಸತ್ತ ಜಾಗದ ಹೆಸರೂ ಅದರಲ್ಲಿದೆ ಎಂದು ಮೊನ್ನೆ ಪಕ್ಕದ ಮನೆಯ ಹುಡುಗ ಓದಿ ಹೇಳಿದನಂತೆ: ಫ್ರಾನ್ಸಿನ ಸೊಮ್.

ನನಗೆ ಹುರುಪು ಬಂತು. ಭೂಪಟ ಬಿಚ್ಚಿದೆ. ಸೊಮ್ ಅಲ್ಲಿಯ ಒಂದು ಜಿಲ್ಲೆ, ಅದೇ ಹೆಸರಿನ ನದಿ ಹರಿಯುತ್ತದೆ, ನಮ್ಮಂತೆಯೇ ಹಳ್ಳಿಗಾಡು, ನಾವು ಕಬ್ಬಿನಿಂದ ಸಕ್ಕರೆ ಮಾಡಿದರೆ ಅವರು ಒಂದು ಬಗೆಯ ಗಡ್ಡೆಯಿಂದ ಮಾಡುತ್ತಾರೆ ಎಂದೆಲ್ಲ ಪಾಠ ಒಪ್ಪಿಸಿದೆ. ಕಡೆಗೆ ಕಿಟಕಿಯಾಚೆ ಕೈ ತೋರಿ, "ಹೊತ್ತು ಮುಳುಗೋ ಕಡೆಗೆ, ಅಜ್ಜಿ" ಎಂದೆ.

ಅಜ್ಜಿ ನಾನು ತೋರಿಸಿದ ಕಡೆಗೆ ತಿರುಗಿ ನಿಂತರು.

"ಅವ್ರು ಕುಂತಿದ್ ರೈಲು ಮದ್ದೂರ್ ಟೇಸನ್ನಿಂದ ಮೂಡ್ಲಾಗೆ ಓಯ್ತು ಕಣಪ್ಪ. ಅದ್ಕೇ ಐವತ್ ವರ್ಸದಿಂದ ಪಕ್ಸದ ಎಡೆನ ಮೂಡ್ಲಿಗೇ ಇಕ್ಕಿದೀನಿ. ಅಸ್ಟೂ ವರ್ಸ ಅವ್ರಿಗೆ ಬೆನ್ ತಿರುಗ್ಸಿ ಕುಂತ್ಕಂಡು, ಬಂದ್ ಉಣ್ಣಿ ಅಂತ ಕರ್ದಂಗಾಯ್ತಲ್ಲ!"

ಕಾಗದ ಮಡಿಸಿಕೊಂಡು ಹೊರಟುಹೋದರು. ಮೂಡಲೇ ಸರಿ ಎಂದು ಒಂದು ಸುಳ್ಳು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆಮೇಲೆ ಮೂವತ್ತು ವರ್ಷ ಭೂಗೋಳ ಕಲಿಸಿದೆ. ಫ್ರಾನ್ಸಿನ ಪಾಠ ಬಂದಾಗಲೆಲ್ಲ ಭೂಪಟಕ್ಕೆ ಬೆನ್ನು ಮಾಡಿಯೇ ನಿಂತೆ.